ಪೇಂಟರ್ ಕೊಂಡಪ್ಪ ಬಿಟ್ಟ ಜಾಗ

ಚಿಕ್ಕಬಳ್ಳಾಪುರದಲ್ಲಿ ಹೊಸ ಬಣ್ಣದ ಗೋಡೆಯ ನಡುವೆ ಅಂಗೈಯಗಲ ಹಳೇ ಬಣ್ಣ ಉಳಿದಿದ್ದರೆ, ಅದು ನಮ್ಮ ಪೇಂಟರ್ ಕೊಂಡಪ್ಪನ ಕೆಲಸವೆಂದೇ ತಿಳಿಯಿರಿ. ಕುಂಬಾರಹುಳ ಮಣ್ಣಿನ ಗೂಡು ಕಟ್ಟಿದ ಕಡೆ ಅವನ ಬ್ರಷ್ಷು ಪ್ರದಕ್ಷಿಣೆ ಹಾಕುತ್ತದೆಯೇ ಹೊರತು ಮೇಲೆ ಹಾಯುವುದಿಲ್ಲ. ಮನೆಯೊಡತಿ ರೇಗಿದರೆ, "ಇದು ಗೂಡು ಕಟ್ಟಿದ ಮನೇಲಿ ತೊಟ್ಟಿಲು ಕಟ್ತಾರೆ ಕಣಮ್ಮ" ಎಂದು ನಗುತ್ತಾನೆ. ಎಂಬತ್ತು ದಾಟಿದ ಅಕ್ಕಯ್ಯಮ್ಮನಿಗೂ ಹಾಗೇ ಹೇಳಿ ಬೈಸಿಕೊಂಡ. ಮರಿ ಹಾರಿಹೋದ ಮೇಲೆ, ಎತ್ತಿಟ್ಟ ಬಣ್ಣದ ಡಬ್ಬಿ ಹಿಡಿದು ತಾನೇ ಬಂದು ಆ ಜಾಗ ಮುಚ್ಚುತ್ತಾನೆ. "ನಿಜಕ್ಕೂ ಮಗು ಆಗುತ್ತೇನಪ್ಪ?" ಎಂದು ನಾನೊಮ್ಮೆ ಕೇಳಿದೆ. "ನಂಗೇನ್ ಗೊತ್ತು ಸಾರ್? ಹುಳಾನೂ ಬದುಕ್ಲಿ ಅಂದ್ರೆ ಯಾರೂ ಕೇಳಲ್ಲ, ಮಗು ಬರುತ್ತೆ ಅಂದ್ರೆ ಗೂಡಿಗೆ ಕೈ ಮುಗೀತಾರೆ" ಎಂದ. ಅವನ ಮನೆಗೆ ಮಾತ್ರ ಹನ್ನೊಂದು ವರ್ಷದಿಂದ ಬಣ್ಣವಿಲ್ಲ. ಬ್ರಷ್ಷು ಸುತ್ತಲು ಜಾಗವಿಲ್ಲದಷ್ಟು ಗೂಡು; ಒಂದು ಖಾಲಿಯಾಗುವುದರೊಳಗೆ ಇನ್ನೊಂದು ತುಂಬಿರುತ್ತದೆ.