ಸೆಲ್ಬಿ ಮಾಮನ ಚಿಕ್ಕ ಕಾರ್ಡು

ಸೆಲ್ಬಿ ಹಾಲೆಟ್ ಅವರು ಯಾರಿಗಾದರೂ ‘ಇಲ್ಲ’ ಎಂದದ್ದನ್ನು ನಾನು ಕೇಳಿಲ್ಲ. ಊರಿನವರು ಅದನ್ನು ದೊಡ್ಡ ಗುಣ ಎಂದು ಹೊಗಳುತ್ತಾರೆ. ಹೊಗಳುವವರಿಗೇನು, ಅವರೆಲ್ಲ ಆ ಗುಣದಿಂದ ಒಂದಲ್ಲ ಒಂದು ದಿನ ಉಂಡವರೇ. ನನಗೆ ಮಾತ್ರ ಅದನ್ನು ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲೋ ನನ್ನ ಮೇಲೋ ಎಂದು ಕೇಳಿದರೆ ಉತ್ತರ ಹೇಳಲು ತಡವರಿಸುತ್ತೇನೆ.

ಅವರೂ ನಾವೂ ಟಿಲ್ಲರ್ಸ್ ದ್ವೀಪದವರು. ಪ್ಲಸೆನ್ಷಿಯಾ ಕೊಲ್ಲಿಯಲ್ಲಿ ಇಪ್ಪತ್ತೆಂಟು ಮನೆ, ಒಂದು ಚರ್ಚು, ಮೀನು ಒಣಗಿಸುವ ಅಟ್ಟಗಳು, ಅಷ್ಟೇ ಆ ಊರು. ದ್ವೀಪ ಬಿಟ್ಟು ರಸ್ತೆ ಇರುವ ಕಡೆ ಬನ್ನಿ, ನೆರವು ಕೊಡುತ್ತೇವೆ ಎಂದು ಸರ್ಕಾರ ಕರೆದದ್ದು ಸಾವಿರದ ಒಂಬೈನೂರ ಅರವತ್ತೇಳರಲ್ಲಿ. ಆದರೆ ಹತ್ತರಲ್ಲಿ ಒಂಬತ್ತು ಮನೆಯವರು ಒಪ್ಪಿದರೆ ಮಾತ್ರ ನೆರವು. ಇಲ್ಲದಿದ್ದರೆ ಯಾರಿಗೂ ಇಲ್ಲ. ಕೊನೆಗೆ ಒಂದು ಸಹಿ ಕಡಿಮೆ ಬಿತ್ತು. ಬಿಡಲು ಮನಸ್ಸಿಲ್ಲದವರಲ್ಲಿ ಸೆಲ್ಬಿ ಮಾಮನೂ ಒಬ್ಬರು. ನಮ್ಮಪ್ಪನೂ ಸೇರಿ ಆರು ಜನ ಹೋಗಿ ಅವರ ಅಡುಗೆಮನೆಯಲ್ಲಿ ಕೂತರಂತೆ. ‘ನಮ್ಮ ಮಕ್ಕಳ ಸ್ಕೂಲು ನಿನ್ನ ಕೈಲಿದೆ ಕಣೋ’ ಎಂದರಂತೆ. ಕುಡಿಯಲು ಕೊಟ್ಟ ಚಹಾ ಆರುವುದರೊಳಗೆ ಮಾಮ ಕಾಗದದ ಮೇಲೆ ಒಂದಕ್ಕೊಂದು ಅಡ್ಡವಾಗಿ ಎರಡು ಗೆರೆ ಎಳೆದು ಕೊಟ್ಟರು. ಅವರ ಸಹಿ ಅದೇ. ಆಮೇಲೆ ಎಲ್ಲರ ಹಾಗೆ ಮನೆಯ ಬುಡಕ್ಕೆ ಖಾಲಿ ಪೀಪಾಯಿ ಕಟ್ಟಿ, ಮನೆಯನ್ನೇ ನೀರಿನ ಮೇಲೆ ತೇಲಿಸಿಕೊಂಡು ಇಲ್ಲಿಗೆ ತಂದರು. ನನಗಾಗ ಐದು ವರ್ಷ.

ಅವರಿಗೆ ಓದಲು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದೇ ನಮ್ಮಲ್ಲಿ ಮರ್ಯಾದೆ. ಚರ್ಚಿನಲ್ಲಿ ಪಕ್ಕದವರು ಹಾಡಿನ ಪುಸ್ತಕವನ್ನು ಸರಿಯಾದ ಪುಟಕ್ಕೆ ತೆರೆದು ಅವರ ಕೈಗಿಡುತ್ತಿದ್ದರು. ಅವರು ಅದನ್ನು ನೋಡುತ್ತ ಬಾಯಿಪಾಠವಾಗಿದ್ದ ಹಾಡನ್ನು ಹಾಡುತ್ತಿದ್ದರು.

ಎರಡು ಸಾವಿರದ ನಾಲ್ಕನೇ ಇಸವಿಯ ಸೆಪ್ಟೆಂಬರಿನ ಒಂದು ಮಂಗಳವಾರ ಅವರು ನನ್ನ ಕೌಂಟರಿಗೆ ಬಂದರು. ನಾನು ನಮ್ಮೂರಿನ ಔಷಧಿ ಅಂಗಡಿಯ ಹಿಂಬದಿಯಲ್ಲಿ ಫೋಟೋ ವಿಭಾಗ ನೋಡಿಕೊಳ್ಳುತ್ತಿದ್ದೆ. ಫಿಲಂ ತೊಳೆಯುವ ಯಂತ್ರದ ಪಕ್ಕ ಆಗ ತಾನೇ ಕಂಪ್ಯೂಟರು ಬಂದು ಕೂತಿತ್ತು. ಮಾಮನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾದ ಪೆಟ್ಟಿಗೆ.

“ಏನ್ ಮಾಮ, ಕಳ್ಳತನ ಮಾಡಿದ್ರಾ?” ಎಂದೆ.

“ಬೆಂಕಿ ಆರಿಸೋರ ಲಾಟರೀಲಿ ಬಂತು ಕಣೇ ನೆಟ್ಟಾ. ಜೀವಮಾನದಲ್ಲಿ ಮೊದಲನೇ ಸಲ ಏನೋ ಗೆದ್ದಿದೀನಿ. ನೋಡಿದ್ರೆ ಇದರೊಳಗೆ ಫಿಲಂ ಹಾಕೋ ಬಾಗಿಲೇ ಇಲ್ಲ!”

“ಇದಕ್ಕೆ ಫಿಲಂ ಅಲ್ಲ, ಕಾರ್ಡು ಬೇಕು.”

“ಹಾಗಾದ್ರೆ ಒಂದು ಕಾರ್ಡು ಕೊಡು. ನಾಳೆ ಬೆಳಿಗ್ಗೆ ರೂಬೆನ್ ದೋಣೀಲಿ ಟಿಲ್ಲರ್ಸ್‌ಗೆ ಹೋಗ್ತಿದೀನಿ. ಸಮಾಧಿಗಳ ಫೋಟೋ ತೆಗೀಬೇಕು.”

ದ್ವೀಪದ ಸಮಾಧಿಗಳು ಇರುವುದು ಸಮುದ್ರದ ದಂಡೆಯ ಮೇಲೆ. ಹತ್ತು ವರ್ಷಗಳಿಂದ ಅಲೆ ಆ ದಂಡೆಯನ್ನು ತಿನ್ನುತ್ತಿತ್ತು. ಬೇಸಿಗೆಯಲ್ಲಿ ಅತ್ತ ಹಾದುಹೋದ ಊರಿನ ಮೀನುಗಾರ ರೂಬೆನ್, ಇನ್ನು ಎರಡು ಚಳಿಗಾಲ ನಿಂತರೆ ಹೆಚ್ಚು ಎಂದು ಊರಿಗೆಲ್ಲ ಹೇಳಿದ್ದ. ಮಾಮ ಹೋಗುತ್ತಾರೆ, ಅವರ ಹತ್ತಿರ ಕ್ಯಾಮೆರಾ ಇದೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಮ್ಮಜ್ಜಿಯದು ತೆಗಿ, ನಮ್ಮ ದೊಡ್ಡಪ್ಪನದು ತೆಗಿ ಎಂದು ಮನೆಮನೆಯವರೂ ಬೇಡಿಕೆಯಿಟ್ಟಿದ್ದರು. ಮಾಮ ಎಲ್ಲರಿಗೂ ಆಗಲಿ ಎಂದಿದ್ದರು. ಒಟ್ಟು ನೂರಾ ಹನ್ನೆರಡು ಸಮಾಧಿ.

ಆ ಕ್ಯಾಮೆರಾಗೆ ಹೊಂದುವ ಕಾರ್ಡು ನನ್ನ ಬಳಿ ಎರಡೇ ಇದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ನೋಡಲು ಎರಡೂ ಹೆಬ್ಬೆರಳಿನ ಉಗುರಿನಷ್ಟೇ. ದೊಡ್ಡದರಲ್ಲಿ ನಾನ್ನೂರು ಚಿತ್ರ ಹಿಡಿಯುತ್ತದೆ, ಚಿಕ್ಕದರಲ್ಲಿ ಐವತ್ತು, ಹಾಗಾಗಿ ದೊಡ್ಡದನ್ನೇ ತೆಗೆದುಕೊಳ್ಳಿ ಎಂದೆ. ಮಾಮ ತಲೆಯಾಡಿಸಿ, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಕೌಂಟರಿನ ಮೇಲೆ ಬಾಗಿದರು.

“ಬಂದಮೇಲೆ ನೀನೇ ನನಗೊಂದು ಓದಿ ಹೇಳ್ಬೇಕು ಪುಟ್ಟಿ. ಬೇರೆ ಯಾರನ್ನೂ ಕೇಳಿಲ್ಲ ನಾನು.”

“ಏನು ಮಾಮ?”

“ನಮ್ಮ ಮಗು ಹೆಸರು.”

ಐವತ್ತೇಳರ ಚಳಿಗಾಲದಲ್ಲಿ ಅವರು ಒಳನಾಡಿನ ಕಾಡಿಗೆ ಮರ ಕಡಿಯಲು ಹೋಗಿದ್ದಾಗ ಅವರ ಹೆಂಡತಿ ಬ್ಲಾಂಚ್ ಹೆಣ್ಣುಮಗು ಹೆತ್ತಳು. ಮಗು ಹನ್ನೊಂದು ದಿನ ಇತ್ತು. ಕೊಲ್ಲಿ ಹೆಪ್ಪುಗಟ್ಟಿ ಪಾದ್ರಿ ಬರಲಾಗದೆ ಸೂಲಗಿತ್ತಿಯೇ ನೀರು ಚಿಮುಕಿಸಿ, ಬ್ಲಾಂಚ್ ಹೇಳಿದ ಹೆಸರಿಟ್ಟಳು. ಏಪ್ರಿಲಿನಲ್ಲಿ ಮಾಮ ಮನೆಗೆ ಬಂದಾಗ ಸಮಾಧಿಗೆ ಮರದ ಹಲಗೆ ನೆಟ್ಟಾಗಿತ್ತು. ಬ್ಲಾಂಚಳ ಅಪ್ಪ ಅದರ ಮೇಲೆ ಹೆಸರು ಕೆತ್ತಿದ್ದ. ಗಂಡ ಹೆಂಡತಿ ಅದರೆದುರು ನಿಂತರು. ಬ್ಲಾಂಚ್ ಒಂದು ಮಾತೂ ಆಡಲಿಲ್ಲ. ಅವತ್ತಲ್ಲ, ಮುಂದೆ ನಲವತ್ತನಾಲ್ಕು ವರ್ಷ ಆ ಮಗುವಿನ ಮಾತೇ ಎತ್ತಲಿಲ್ಲ. ಅವರಿಗೆ ಬೇರೆ ಮಕ್ಕಳೂ ಆಗಲಿಲ್ಲ. ಕೇಳಿದರೆ ಅವಳ ಗಾಯ ಕೆದಕಿದ ಹಾಗೆ. ಬೇರೆಯವರನ್ನು ಕೇಳಿದರೆ, ಸ್ವಂತ ಮಗಳ ಹೆಸರು ಗೊತ್ತಿಲ್ಲದ ಅಪ್ಪ ಎಂದು ನಕ್ಕಾರು ಎಂಬ ನಾಚಿಕೆ. ಸೂಲಗಿತ್ತಿಯೂ ಬ್ಲಾಂಚಳ ಅಪ್ಪನೂ ಎಂದೋ ಹೋಗಿದ್ದರು. ಮೂರು ವರ್ಷದ ಹಿಂದೆ ಬ್ಲಾಂಚಳೂ ತೀರಿಕೊಂಡಳು. ಚರ್ಚಿನ ಪುಸ್ತಕದಲ್ಲಿ ಆ ಹೆಸರು ಏರಿಯೇ ಇರಲಿಲ್ಲ. ಸರ್ಕಾರದ ದಾಖಲೆಯಲ್ಲಿ ‘ಹೆಣ್ಣು ಮಗು, ಹಾಲೆಟ್’ ಎಂದಷ್ಟೇ ಇತ್ತು.

“ಅಲ್ಲಿದ್ದಾಗ ವಾರಕ್ಕೊಂದ್ಸಲ ಹೋಗಿ ಆ ಅಕ್ಷರದ ಮೇಲೆ ಬೆರಳಾಡಿಸ್ತಿದ್ದೆ,” ಎಂದರು ಮಾಮ. “ಬೆರಳಿಗೂ ಓದೋಕೆ ಬರ್ಲಿಲ್ಲ.”

ದೊಡ್ಡ ಕಾರ್ಡನ್ನು ಪೊಟ್ಟಣದಿಂದ ಬಿಡಿಸಲು ಕತ್ತರಿ ಹುಡುಕುತ್ತಿದ್ದೆ. ಅಷ್ಟರಲ್ಲಿ ನಮ್ಮೂರಿನ ಟ್ರೂಡಿ ಬಂದಳು. ಆರು ವಾರದ ಕೂಸನ್ನು ಎದೆಗೆ ಕಟ್ಟಿಕೊಂಡು, ಆ ಮಧ್ಯಾಹ್ನವೇ ಹಡಗು ಹತ್ತಿ ನೋವಾ ಸ್ಕೋಷಿಯಾಕ್ಕೆ ಹೊರಟವಳು. ಅಲ್ಲಿ ಅವಳ ಗಂಡನ ಅಜ್ಜಿ ಇವತ್ತೋ ನಾಳೆಯೋ ಎನ್ನುವಂತಿದ್ದಳು. ಮರಿಮಗುವನ್ನು ಒಮ್ಮೆ ಮಡಿಲಲ್ಲಿಟ್ಟುಕೊಳ್ಳಬೇಕು ಎಂದು ಹಟ ಹಿಡಿದಿದ್ದಳಂತೆ. ಟ್ರೂಡಿಗೂ ಅದೇ ಬಗೆಯ ಕಾರ್ಡು ಬೇಕಾಗಿತ್ತು.

“ಚಿಕ್ಕದೊಂದೇ ಉಳಿದಿರೋದು ಟ್ರೂಡಿ, ಗುರುವಾರ ಹೊಸದು ಬರುತ್ತೆ,” ಎಂದೆ.

“ಅಯ್ಯೋ, ಗುರುವಾರ ನಾನಿಲ್ಲಿ ಇರಲ್ಲ. ಐವತ್ತರಲ್ಲಿ ಏನ್ ತೆಗೆಯೋದು? ಇದು ಕಣ್ಣು ಬಿಡೋ ಹೊತ್ತಿಗೇ ಇಪ್ಪತ್ತು ಖರ್ಚಾಗುತ್ತೆ.”

ಅವಳೇನೂ ಕೇಳಲಿಲ್ಲ. ಸುಮ್ಮನೆ ಅಂದಳು. ಮಾಮ ಕೂಸಿನ ಮುಖ ನೋಡಿದರು, ಅದರ ಕಾಲ್ಚೀಲವನ್ನು ಎಳೆದು ಸರಿಮಾಡಿದರು. ನನಗೆ ಆಗಲೇ ಗೊತ್ತಾಯಿತು.

“ದೊಡ್ಡದು ಆ ಹುಡುಗಿಗೆ ಕೊಡು ನೆಟ್ಟಾ.”

“ಮಾಮ, ನಿಮಗೆ ನೂರಾ ಹನ್ನೆರಡು ಬೇಕು!”

“ಕೊಡು ಅಂದ್ನಲ್ಲ. ಕಲ್ಲುಗಳು ಅಲುಗಾಡಲ್ಲ, ಒಂದೊಂದೇ ಸಾಕು. ಮಗು ಅಲುಗಾಡುತ್ತೆ.”

ಟ್ರೂಡಿ ಅವರ ಕೆನ್ನೆಗೆ ಮುತ್ತಿಟ್ಟು ಹೋದಳು. ನನಗೆ ಮೈ ಉರಿಯಿತು. “ಈಗ ಐವತ್ತೇ! ಯಾರ ಅಜ್ಜೀನ ಬಿಡ್ತೀರಿ ಹೇಳಿ,” ಎಂದೆ. ಅವರು ಪೆಚ್ಚುಪೆಚ್ಚಾಗಿ ನಕ್ಕರು. ಯಾರನ್ನೂ ಬಿಡುವ ಜಾಯಮಾನ ಅವರದಲ್ಲ.

ಆಗ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಕ್ಯಾಮೆರಾದೊಳಗೆ ಚಿತ್ರದ ಅಳತೆ ಬದಲಿಸುವ ಏರ್ಪಾಡಿದೆ. ಅಳತೆ ಚಿಕ್ಕದಾದರೆ ಅದೇ ಕಾರ್ಡಿನಲ್ಲಿ ಆರುನೂರು ಹಿಡಿಯುತ್ತದೆ. ಎಲ್ಲಕ್ಕಿಂತ ಕೆಳಗಿನದಕ್ಕೆ ತಿರುಗಿಸಿ, ನನ್ನದೇ ಮುಖದ ಒಂದು ಫೋಟೋ ತೆಗೆಸಿ, ಹಿಂದಿನ ಪುಟ್ಟ ಪರದೆಯಲ್ಲಿ ತೋರಿಸಿದೆ. ಚೆನ್ನಾಗಿಯೇ ಕಂಡಿತು. “ನೋಡಿ, ಯಾರನ್ನೂ ಬಿಡೋದು ಬೇಡ,” ಎಂದು ಬೀಗಿದೆ. ಚಿಕ್ಕ ಅಳತೆಯ ಚಿತ್ರವನ್ನು ದೊಡ್ಡದು ಮಾಡಿದರೆ ಒಡೆದುಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ನನ್ನ ಕಸುಬು. ಎಲ್ಲವನ್ನೂ ಚಿಕ್ಕದರಲ್ಲಿ ತೆಗೆದು, ಮಗುವಿನ ಹಲಗೆಯೊಂದಕ್ಕೆ ಮಾತ್ರ ದೊಡ್ಡ ಅಳತೆ ಇಟ್ಟುಕೊಳ್ಳಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಕ್ಯಾಮೆರಾ ಹಿಡಿದು ಎರಡು ಸಲ ಕಲಿಸಿದ್ದರೆ ಅವರಿಗೆ ಬರುತ್ತಿತ್ತು. ನನಗೆ ಹೊಳೆಯಲಿಲ್ಲ.

ಮರುದಿನ ಬಿಸಿಲಿತ್ತು. ದ್ವೀಪದಲ್ಲಿ ಕಟ್ಟೆ ಕುಸಿದು ದೋಣಿ ಕಟ್ಟಲು ಜಾಗವಿಲ್ಲ. ಬಂಡೆಗೆ ಬಡಿಯದಂತೆ ರೂಬೆನ್ ದೋಣಿಯಲ್ಲೇ ಹುಟ್ಟು ಹಿಡಿದು ಕೂತಿದ್ದ, ಮಾಮ ಒಬ್ಬರೇ ಇಳಿದು ಹೋದರು. ನಾಲ್ಕು ಗಂಟೆ ಹೊತ್ತು ಒಂದೊಂದು ಕಲ್ಲಿನ ಎದುರೂ ಟೋಪಿ ತೆಗೆದು ನಿಂತು, ಆಮೇಲೆ ಫೋಟೋ ತೆಗೆಯುತ್ತಿದ್ದುದು ಕೆಳಗಿನಿಂದ ಕಾಣುತ್ತಿತ್ತು ಎಂದು ರೂಬೆನ್ ಆಮೇಲೆ ಹೇಳಿದ.

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವರು ಬಾಗಿಲಲ್ಲಿದ್ದರು. ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದೆ. ಅಮೃತಶಿಲೆಯವೆಲ್ಲ ಸಲೀಸಾಗಿ ಓದಲು ಬಂದವು. ದೊಡ್ಡ ಕಪ್ಪು ಅಕ್ಷರಗಳು. ನಮ್ಮಜ್ಜಿ ಸಿಕ್ಕಳು. ಟ್ರೂಡಿಯ ಮುತ್ತಜ್ಜನೂ ಸಿಕ್ಕ. ಏಳೆಂಟು ಮರದ ಹಲಗೆಗಳು ಮಸುಕಾಗಿದ್ದವು, ಅವುಗಳ ಹೆಸರು ಅವರವರ ಮನೆಯವರಿಗೆ ನೆನಪಿತ್ತು. ಮಾಮ ಪ್ರತಿಯೊಂದನ್ನೂ ಓದಿಸಿ, ಇದು ಇಂಥವರಿಗೆ, ಇದು ಇಂಥವರಿಗೆ ಎಂದು ಹೇಳುತ್ತ ಹೋದರು. ತಮ್ಮದನ್ನು ಕೊನೆಗೆ ಉಳಿಸಿಕೊಂಡಿದ್ದರು.

ತೆರೆದೆ. ಎರಡು ದೊಡ್ಡ ಸಮಾಧಿಗಳ ನಡುವೆ, ದೂರದಲ್ಲಿ, ಹುಲ್ಲಿನೊಳಗೆ ಒಂದು ಬೂದು ಹಲಗೆ. ಅದರ ಮೇಲೆ ಎರಡು ಸಾಲು ಕಲೆ. ದೊಡ್ಡದು ಮಾಡಿದೆ. ಕಲೆ ಚೌಕಚೌಕವಾಗಿ ಒಡೆಯಿತು. ಇನ್ನೂ ದೊಡ್ಡದು ಮಾಡಿದೆ, ಬರೀ ಬೂದು ಚೌಕಗಳು.

“ಇಷ್ಟು ದೂರದಿಂದ ಯಾಕೆ ತೆಗೆದ್ರಿ ಮಾಮ?”

“ಹತ್ತಿರ ಹೋಗ್ಬೇಕಂದ್ರೆ ಈ ಕಡೆ ನಿನ್ನಜ್ಜಿ, ಆ ಕಡೆ ಟ್ರೂಡಿ ಮುತ್ತಜ್ಜ ಎಲಿಯಾಸ್. ಅವರ ಮೇಲೆ ಕಾಲಿಡೋಕಾಗುತ್ತಾ? ಮುಂಚೆ ಸುತ್ತಿಕೊಂಡು ಆ ತುದಿಯಿಂದ ಹೋಗ್ತಿದ್ದೆ. ಈಗ ಆ ತುದೀಲಿ ನೆಲಾನೇ ಇಲ್ಲ.” ಅವರು ಪರದೆಯನ್ನಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು. “ಓದು.”

ಯಾವುದಾದರೊಂದು ಹೆಸರು ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದರು, ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಆ ಬೂದು ಚೌಕಗಳಲ್ಲಿ ನಿಜವಾದ ಹೆಸರು ಇದ್ದಾಗ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಓದಲು ಆಗುತ್ತಿಲ್ಲ, ತಪ್ಪು ನನ್ನದು, ಅಳತೆ ಚಿಕ್ಕದು ಮಾಡಬಾರದಿತ್ತು ಎಂದೆ. ಬೈಯಲಿ ಎಂದು ಕಾದೆ. ಒಂದೇ ಒಂದು ಸಲ ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

“ನಿನಗೇನು ಗೊತ್ತಿತ್ತು ಪಾಪ,” ಎಂದು ಅವರೇ ನನ್ನ ಬೆನ್ನು ಸವರಿದರು.

ಅವತ್ತು ಬಂದ ಹೊಸ ಕಾರ್ಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೆಗೆದಿಟ್ಟೆ. ಈ ಸಲ ನಾನೇ ಹೋಗುತ್ತೇನೆ, ಕಾಗದ ಪೆನ್ನು ಹಿಡಿದು ಅಜ್ಜಿಯ ಮೇಲೆಯೇ ನಿಂತು ಓದುತ್ತೇನೆ ಎಂದು ಹೇಳಿದೆ. ಆ ಶನಿವಾರ ಗಾಳಿ ಎದ್ದಿತು. ಅಕ್ಟೋಬರಿನಲ್ಲಿ ಎರಡು ಸಲ ದೋಣಿ ಹತ್ತಿ ಅರ್ಧ ದಾರಿಯಿಂದ ತಿರುಗಿ ಬಂದೆವು. ನವೆಂಬರಿನಲ್ಲಿ ರೂಬೆನ್ ದೋಣಿಯನ್ನು ದಡಕ್ಕೆಳೆದು ಮುಚ್ಚಿದ. ಡಿಸೆಂಬರಿನ ಬಿರುಗಾಳಿ ಮೂರು ದಿನ ಬೀಸಿತು. ಅದು ನಿಂತಮೇಲೆ ಅತ್ತ ಹೋಗಿ ಬಂದ ಮೀನುಗಾರರು, ದಂಡೆ ಚರ್ಚಿನ ಅಡಿಪಾಯದವರೆಗೂ ಕುಸಿದಿದೆ, ಒಂದು ಕಲ್ಲೂ ಉಳಿದಿಲ್ಲ ಎಂದರು.

ಮಾಮನಿಗೆ ನಾನು ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದಾಗ ಅವರೇ ಬಂದರು. ಯಾರೋ ಹೇಳಿಯಾಗಿತ್ತು. ಟೋಪಿ ಕೈಯಲ್ಲಿ ಹಿಡಿದು ಕೌಂಟರಿನ ಮುಂದೆ ನಿಂತರು.

“ಆ ಚಿತ್ರ ಇನ್ನೊಂದ್ಸಲ ಹಾಕು ನೆಟ್ಟಾ.”

“ಓದೋಕಾಗಲ್ಲ ಮಾಮ. ಎಷ್ಟು ಸಲ ನೋಡಿದ್ರೂ ಅಷ್ಟೇ.”

“ಓದ್ಬೇಡ. ಆ ಎರಡು ಸಾಲಲ್ಲಿ ಅವಳ ಹೆಸರು ಯಾವುದು, ಉದ್ದದ್ದಾ, ಗಿಡ್ಡದ್ದಾ? ಅಷ್ಟು ಹೇಳು ಸಾಕು.”

ಚಿತ್ರ ತೆರೆದೆ. ಕಣ್ಣೀರು ಒರೆಸಿಕೊಂಡು ನೋಡಿದೆ. ಕೆಳಗಿನ ಸಾಲು ಗಿಡ್ಡ, ಅದು ‘ಹಾಲೆಟ್’ ಇರಬೇಕು. ಮೇಲಿನದು ಹಾಗಲ್ಲ.

“ಉದ್ದದ್ದೇ ಮಾಮ. ಹಲಗೆ ಈ ಅಂಚಿಂದ ಆ ಅಂಚಿನವರೆಗೂ ಇದೆ. ಒಂದಲ್ಲ, ಎರಡು ಹೆಸರು ಇರಬಹುದು. ಕೊನೇಲಿ ಜಾಗ ಸಾಲದೆ ಒತ್ತೊತ್ತಾಗಿ ಕೆತ್ತಿದಾರೆ.”

ಅವರು ಕೌಂಟರಿನ ಮೇಲೆ ಎರಡೂ ಕೈಗಳನ್ನು ಹಲಗೆಯ ಅಗಲಕ್ಕೆ ಇಟ್ಟು ನೋಡಿಕೊಂಡರು. ಮುಖದಲ್ಲಿ ಒಂದು ಹೆಮ್ಮೆ ಬಂತು, ನಾನು ಅಂಥದ್ದನ್ನು ಅವರಲ್ಲಿ ಕಂಡೇ ಇರಲಿಲ್ಲ.

“ಅಷ್ಟುದ್ದ ಇಟ್ಟಿದ್ಲಾ ನನ್ನ ಬ್ಲಾಂಚ್!” ಎಂದರು. “ಬದುಕೋ ಮಗೂಗೆ ಇಡೋ ಹೆಸರು ಕಣೇ ಅದು.”

ಆಮೇಲೆ ಅದೇ ಕೈಗಳ ನಡುವೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು.