ಉಪವಾಸದ ತೊಟ್ಟಿಯ ಮೀಸೆಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ, ಸೊಂಟದವರೆಗಿನ ನೀರಿನಲ್ಲಿ ನಿಂತ ಹೆಂಗಸೊಬ್ಬರು ಬಲೆ ಎತ್ತುತ್ತಾರೆ. ಬಲೆಯ ತುಂಬ ಕಪ್ಪು ಬೆನ್ನು, ಅಗಲ ಬಾಯಿ, ಬಾಯಿಯ ಸುತ್ತ ಉದ್ದುದ್ದ ಮೀಸೆ. ಅಂಗಡಿಯವರು ಕ್ಯಾಟ್‌ಫಿಶ್ ಎನ್ನುವ ಈ ಸಿಹಿನೀರಿನ ಮೀನು ಇಲ್ಲಿ ಮೀಸೆಮೀನು. ಅದನ್ನು ಸಾಕುವ ಇವರು ಇಡೀ ಬೀದಿಗೆ ಮೀಸೆಯಮ್ಮ. "ನಮ್ಮನೆಯವರಿಗೆ ಮೀಸೆ ಇಲ್ಲ, ಆ ಕೊರತೆ ಹೀಗೆ ನೀಗ್ತು" ಎಂದು ನಗುತ್ತಾರೆ. ಅಷ್ಟರಲ್ಲಿ ಒಂದು ಮೀನು ಬಾಲ ಬೀಸಿ, ಕಟ್ಟೆಯ ಮೇಲೆ ನಿಂತ ನನ್ನ ಅಂಗಿಯನ್ನು ತೋಯಿಸಿಬಿಡುತ್ತದೆ.

ದಪ್ಪ ಮೀನು ಒಂದು ತೊಟ್ಟಿಗೆ, ಸಣ್ಣವು ಇನ್ನೊಂದಕ್ಕೆ. ಈ ವಿಂಗಡಣೆ ತಪ್ಪಿದರೆ ಮುಗಿಯಿತು, ದೊಡ್ಡವು ಚಿಕ್ಕವನ್ನು ನುಂಗಿ ಹಾಕುತ್ತವೆ. ಮೊದಲ ವರ್ಷ ಅದು ಗೊತ್ತಿರಲಿಲ್ಲ. "ಮರಿಗಳೆಲ್ಲ ಎಲ್ಲಿ ಹೋದ್ವು ಅಂತ ಬಲೆ ಹಾಕಿ ಹಾಕಿ ಹುಡುಕಿದೆ. ಎಲ್ಲಿಗೆ ಹೋಗ್ತಾವೆ? ಅಣ್ಣಂದಿರ ಹೊಟ್ಟೆಗೆ!" ಅವರ ಎರಡೂ ಅಂಗೈಗಳಲ್ಲಿ ಹಳೆಯ ಗಾಯದ ಗುರುತುಗಳಿವೆ. ರೆಕ್ಕೆಯ ಪಕ್ಕದ ಮುಳ್ಳು ಚುಚ್ಚಿದರೆ ಕೈ ದಿನವಿಡೀ ಉರಿಯುತ್ತದಂತೆ.

ಮೊದಲು ಇವರು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದಾಗ, ಪಕ್ಕದ ಮಿಷನ್ನುಗಳಲ್ಲಿ ಕೂರುತ್ತಿದ್ದ ಮೂವರು ಗೆಳತಿಯರನ್ನೂ ಕರೆದುಕೊಂಡು ಮೀನು ಸಾಕಣೆಗೆ ಇಳಿದರು. ಅವರೀಗ ಹಿಂದಿನ ಕೋಣೆಯ ಸ್ಟೀಲ್ ಮೇಜಿನ ಮುಂದೆ ನಿಂತಿದ್ದಾರೆ. ಮೀನಿನ ತಲೆಯನ್ನು ಹಲಗೆಗೆ ಒತ್ತಿ ಹಿಡಿದು, ಕತ್ತಿನ ಸುತ್ತ ಚಾಕು ಆಡಿಸಿ, ಇಕ್ಕಳದಿಂದ ಚರ್ಮವನ್ನು ಒಂದೇ ಸೆಳೆತಕ್ಕೆ ಎಳೆಯುತ್ತಾರೆ. ಮಾಂಸ ತುಂಡಾಗಿ ನೇರ ಐಸಿಗೆ ಹೋಗುತ್ತದೆ. ಕೈಗಳು ಎಷ್ಟು ಚುರುಕೋ ಬಾಯಿಗಳೂ ಅಷ್ಟೇ ಚುರುಕು. ನನ್ನ ಒದ್ದೆ ಅಂಗಿಯ ಕಾಲರ್ ಹೊಲಿಗೆ ಸರಿಯಿಲ್ಲವೆಂದು ಎಲ್ಲರೂ ಸೇರಿ ತೀರ್ಪು ಕೊಟ್ಟೇಬಿಟ್ಟರು.

ಮೀಸೆಮೀನು ಮೆತ್ತಗಿರುತ್ತದೆ, ಪ್ರೋಟೀನ್ ಧಾರಾಳ, ಸಣ್ಣ ಮುಳ್ಳುಗಳ ಕಾಟವಿಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ಹೇಳಿ ಮಾಡಿಸಿದ ಆಹಾರವೆಂದು ಇಲ್ಲಿನ ದೊಡ್ಡಾಸ್ಪತ್ರೆಯ ಆಹಾರ ತಜ್ಞೆ ಮೊದಲಿನಿಂದಲೂ ಹೇಳುತ್ತಿದ್ದರು. ಆದರೆ ಅಡುಗೆಮನೆಯ ಹಿರಿಯ ಬಾಣಸಿಗ ಏನೇ ಹೇಳಿದರೂ ಒಪ್ಪಿರಲಿಲ್ಲ. ಹಿಂದೊಮ್ಮೆ ಬೇರೆ ಕಡೆಯಿಂದ ತಂದ ಮೀನು ಕೆಸರು ವಾಸನೆ ಹೊಡೆದು, ರೋಗಿಗಳು ತಟ್ಟೆ ತಳ್ಳಿದ್ದರು. ಕೊನೆಗೆ ತಜ್ಞೆಯ ಒತ್ತಾಯಕ್ಕೆ ಮಣಿದು, ಒಂದೇ ಒಂದು ಮಧ್ಯಾಹ್ನದ ಊಟಕ್ಕೆ ಮೀಸೆಯಮ್ಮನ ಮೀನನ್ನು ನೋಡೋಣ ಎಂದರು. ಅಲ್ಲಿ ಸೈ ಎನಿಸಿಕೊಂಡರೆ ನಾಲ್ವರು ಹೆಂಗಸರಿಗೆ ವರ್ಷವಿಡೀ ಕೆಲಸ. ಇಲ್ಲವಾದರೆ ಮೇಜು ಖಾಲಿ.

ಕೆಸರು ವಾಸನೆ ಹೋಗಬೇಕಾದರೆ ಕೊಯ್ಯುವ ಮೊದಲು ಮೀನನ್ನು ಕೆಲವು ದಿನ ಹರಿಯುವ ಶುದ್ಧ ನೀರಿನಲ್ಲಿ, ಕಾಳಷ್ಟೂ ತಿನಿಸು ಹಾಕದೆ ಬಿಡಬೇಕು. ಆ ತೊಟ್ಟಿಗೆ ಮನೆಯಲ್ಲಿ ಉಪವಾಸದ ತೊಟ್ಟಿ ಎಂದೇ ಹೆಸರು. ಆಮೇಲೆ ಬಾಲದ ತುಂಡೊಂದನ್ನು ಉಪ್ಪಿಲ್ಲದೆ ಆವಿಯಲ್ಲಿ ಬೇಯಿಸಿ ಮೂಸುತ್ತಾರೆ. ಮೂಸುವ ಹಕ್ಕು ಒಬ್ಬರಿಗೇ, ಅತ್ತೆಗೆ. "ನಮ್ಮತ್ತೆ ಮೂಗು ಅಂದ್ರೆ ಮೂಗು. ಪಕ್ಕದ ಬೀದೀಲಿ ಹಾಲು ಉಕ್ಕಿದ್ರೆ ಇಲ್ಲಿ ಕೂತು ಹೇಳ್ತಾರೆ."

ಆಸ್ಪತ್ರೆಯ ಊಟದ ದಿನ ಬೆಳಗ್ಗೆ ಅತ್ತೆ ಮುಚ್ಚಳ ತೆಗೆದರು, ಮೂಸಿದರು. ಇನ್ನೊಮ್ಮೆ ಮೂಸಿದರು.

"ಬೇಡ ಕಣೇ. ಇದನ್ನ ಕಳಿಸ್ಬೇಡ."

"ಯಾಕತ್ತೆ? ನೀರು ಚೆನ್ನಾಗೇ ಹರೀತಿತ್ತಲ್ಲ?"

"ನಿನ್ನೆ ತೊಟ್ಟಿ ಹತ್ರ ಹೋಗಿದ್ದೆ. ಎಲ್ಲಾ ಬಾಯಿ ಬಿಟ್ಕೊಂಡು ನನ್ನೇ ನೋಡಿದ್ವು. ಕರುಳು ಚುರುಕ್ ಅಂತು. ಎರಡು ಹಿಡಿ ತಿನಿಸು ಹಾಕ್ಬಿಟ್ಟೆ."

ತಿಂದ ಮೀನು ನೀರನ್ನು ಹೊಲಸು ಮಾಡಿತ್ತು, ವಾಸನೆ ಮರಳಿ ಬಂದಿತ್ತು. ಅತ್ತೆ ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ ಮೀನು ಆಸ್ಪತ್ರೆಗೆ ಹೋಗುತ್ತಿತ್ತು. ಅಲ್ಲಿಗೆ ಕತೆಯೂ ಮುಗಿಯುತ್ತಿತ್ತು. ಮೀಸೆಯಮ್ಮ ಬಾಣಸಿಗರಿಗೆ ಫೋನ್ ಮಾಡಿದರು. "ಅಣ್ಣಾ, ಇವತ್ತು ಮೀನು ಬರಲ್ಲ. ವಾಸನೆ ಇದೆ. ನಾನೇ ಬೇಡ ಅಂತಿದೀನಿ."

ಬಾಣಸಿಗ ಆ ಕ್ಷಣವನ್ನು ಇಂದಿಗೂ ಬಾಯ್ತುಂಬ ಹೇಳುತ್ತಾರೆ. "ಇಷ್ಟು ವರ್ಷ ಅಡುಗೆಮನೇಲಿ ಕಳೆದಿದೀನಿ. ತನ್ನ ಸರಕು ಚೆನ್ನಾಗಿಲ್ಲ ಅಂತ ಮಾರೋರೇ ಫೋನ್ ಮಾಡಿದ್ದು ಅದೇ ಮೊದಲು. ಸರಿಯಾದಾಗ ತಗೊಂಬಾಮ್ಮ, ಕಾಯ್ತೀನಿ ಅಂದೆ."

ಸರಿಯಾಗುವವರೆಗೆ ಅತ್ತೆ ಹಿತ್ತಲಿಗೇ ಕಾಲಿಡಲಿಲ್ಲ, ಮೀನುಗಳ ಮುಖ ನೋಡಿದರೆ ಮತ್ತೆ ಮನಸ್ಸು ಕರಗೀತೆಂದು. ಮತ್ತೆ ಮುಚ್ಚಳ ತೆಗೆದ ದಿನ ಮೂಸಿದ್ದಷ್ಟೇ ಅಲ್ಲ, ತುಂಡನ್ನು ಪೂರ್ತಿ ತಿಂದು ಬೆರಳು ಚೀಪಿದರು. ಆ ಮಧ್ಯಾಹ್ನ ವಾರ್ಡುಗಳಿಂದ ತಟ್ಟೆಗಳು ಖಾಲಿಯಾಗಿ ಬಂದವು. ಇನ್ನೊಂದು ತುಂಡು ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದ ನರ್ಸ್‌ಗೆ ಕೊಡಲು ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಬಾಣಸಿಗ ಫೋನ್ ಮಾಡಿ "ನೀನು ಗೆದ್ದೆ ಕಣಮ್ಮ" ಎಂದಾಗ ಹಿಂದಿನ ಕೋಣೆಯಲ್ಲಿ ಎದ್ದ ಕೂಗಿಗೆ ಬೀದಿಯವರೆಲ್ಲ ಓಡಿ ಬಂದರಂತೆ. ಈಗ ವಾರಕ್ಕೆ ಎರಡು ಬಾರಿ ಆಸ್ಪತ್ರೆಗೆ ಮೀನು ಹೋಗುತ್ತದೆ. ಮೇಜಿಗೆ ಇನ್ನಿಬ್ಬರು ಹಳೆಯ ಕಾರ್ಖಾನೆಯ ಗೆಳತಿಯರು ಸೇರಿದ್ದಾರೆ. ಕೇಳಿದ ನನಗೇ ಎದೆ ಉಬ್ಬಿತು.

ಅತ್ತೆಯ ಮೇಲೆ ಆ ದಿನ ಸಿಟ್ಟು ಬರಲಿಲ್ಲವೇ ಎಂದು ಕೇಳುತ್ತೇನೆ. ಮೀಸೆಯಮ್ಮ ಚಾಕು ಒರೆಸುತ್ತ ಅತ್ತೆ ಕೂತ ಒಳಗಿನ ಕೋಣೆಯತ್ತ ನೋಡುತ್ತಾರೆ.

"ಬಂತು, ಯಾಕೆ ಸುಳ್ಳು ಹೇಳ್ಲಿ. ಆದ್ರೆ ನೋಡಿ, ನನ್ನ ಮೀನನ್ನ ಬೇಡ ಅನ್ನೋಕೆ ಮನೇಲೇ ಒಬ್ರಿದಾರೆ. ಅದಕ್ಕೇ ಹೊರಗಡೆ ಯಾರೂ ಬೇಡ ಅನ್ನಲ್ಲ."