ನಾನು ಸೇರಿಸಿದ ಮೂರು ಶಬ್ದ

ನಾನು ನಿಂತಿದ್ದದ್ದು ನಾಗಪುರದ ನಮ್ಮ ಕಾರ್ಖಾನೆ ಕಾಲೊನಿಯ ಮೂರನೇ ಬ್ಲಾಕಿನ ಮೆಟ್ಟಿಲ ಮೇಲೆ, ಕೆಳಗಿನಿಂದ ನಾಲ್ಕನೆಯದು. ಎಂಬತ್ನಾಲ್ಕರ ಮೇ ತಿಂಗಳ ಒಂದು ಶುಕ್ರವಾರ, ಸಂಜೆ ನಾಲ್ಕೂಕಾಲು. ಮೊದಲ ಪಾಳಿ ಬಿಡುವ ಸೈರನ್ನು, ನಮ್ಮ ಮಾತಿನಲ್ಲಿ ಭೋಂಗಾ, ನಾಲ್ಕಕ್ಕೆ ಕೂಗಿತ್ತು, ಗಂಡಸರು ಆಗಷ್ಟೇ ಸೈಕಲ್ ಇಳಿದು ಮನೆ ಸೇರಿದ್ದರು, ಆದ್ದರಿಂದ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಎರಡು ದಿನದಿಂದ ನಳದಲ್ಲಿ ನೀರಿರಲಿಲ್ಲ. ಪಕ್ಕದ ಮನೆಯ ಕಿಟಕಿಗೆ ಕೂಡಿಸಿದ್ದ ಕೂಲರಿನ ಲಾವಂಚದ ಪರದೆ ಒಣಗಿ, ತಂಪಿನ ಬದಲು ಸುಟ್ಟ ಹುಲ್ಲಿನ ವಾಸನೆ ಬರುತ್ತಿತ್ತು. ಈಗಲೂ ಯಾರದಾದರೂ ಮನೆಯಲ್ಲಿ ಲಾವಂಚ ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವುದು ತಂಪಲ್ಲ, ಆ ಒಣ ವಾಸನೆ, ಮತ್ತು ನನ್ನ ಕೈಯಲ್ಲಿದ್ದ ಖಾಲಿ ಕೊಡ. ನನಗೆ ಹನ್ನೊಂದು ವರ್ಷ.

ಆ ಕೂಲರು ಗುರುನಾಥ ಕಾಕಾರದು. ಗದಗಿನ ಕಡೆಯವರು, ಅಪ್ಪನ ಕಾರ್ಖಾನೆಯಲ್ಲೇ ಫಿಟ್ಟರ್. ಅವರು, ಶಾಂತಾ ಕಾಕು, ಇಬ್ಬರೇ; ಮಕ್ಕಳಿರಲಿಲ್ಲ. ಅವರ ಅಡುಗೆಮನೆಗೂ ನಮ್ಮದಕ್ಕೂ ಒಂದೇ ಗೋಡೆ, ಕಾಕು ಒಗ್ಗರಣೆ ಹಾಕಿದರೆ ಸೀನುವವರು ನಾವು. ನನ್ನ ಇಂಗ್ಲಿಷ್ ಟೀಚರು ಆ ವರ್ಷ ಒಂದು ನಿಯಮ ಮಾಡಿದ್ದರು: ಪ್ರಬಂಧದಲ್ಲಿ ‘ವೆರಿ’ ಎಂದು ಬರೆದರೆ ಅರ್ಧ ಅಂಕ ಕಟ್, ಅದರ ಬದಲು ಬಲವಾದ ಶಬ್ದ ಬರೆದರೆ ಅರ್ಧ ಅಂಕ ಹೆಚ್ಚು. ನಾನು ಹಳೆಯ ಡೈರಿಯೊಂದರಲ್ಲಿ ಅಂಥ ಶಬ್ದಗಳನ್ನು ಕೂಡಿಡುತ್ತಿದ್ದೆ. ಕಾಕಾ ಪಾಳಿ ಮುಗಿಸಿ ಬಂದವರೇ ಗೋಡೆಯಾಚೆಯಿಂದ, "ಇವತ್ತಿಂದು ಯಾವ್ದವ್ವಾ?" ಎಂದು ಕೇಳುವರು. ನಾನು ಕೂಗಿ ಹೇಳುವೆ. ರಾತ್ರಿ ಊಟಕ್ಕೆ ಕೂತಾಗ ಕಾಕುವಿನ ಬೇಳೆ ಎಕ್ಸ್‌ಟ್ರೀಮ್ಲಿ ಆಗಿದೆ, ರೊಟ್ಟಿ ಟೆರಿಬ್ಲಿ ಆಗಿದೆ ಎಂದು ಅವರು ಹೊಗಳುವುದು ನಮಗೆ ಕೇಳುತ್ತಿತ್ತು. ಅದರ ಮುಂದೆ ಬರಬೇಕಾದ ‘ಗುಡ್’ ಅವರಿಗೆ ಬೇಕಿರಲಿಲ್ಲ. ಕಾಕು ಮಾತ್ರ, ಬೈಗುಳ ಕಲಿಯಲು ಗಂಡನಿಗೆ ಇಷ್ಟು ಸಣ್ಣ ಮಾಸ್ತರಿಣಿ ಸಿಕ್ಕಳಲ್ಲ ಎನ್ನುತ್ತಿದ್ದಳು.

ಆ ಸಂಜೆ ನಾನು ಕಂಡದ್ದು ಇಷ್ಟು. ಪಂಪಿನ ವಾಮನರಾವ್ ಮೆಟ್ಟಿಲಿನೆದುರಿನ ವಾಲ್ವಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೀರನ್ನು ಸಾಹೇಬರ ಬಂಗಲೆಗಳ ಕಡೆಗೆ ತಿರುಗಿಸುತ್ತಿದ್ದರು. ಕಾಕಾ ಹೋಗಿ, ಹತ್ತು ನಿಮಿಷ ನಮಗೆ ಬಿಡಿ ಎಂದರು. ವಾಮನರಾವ್ ತಲೆ ಅಲ್ಲಾಡಿಸಿದರು. ಎರಡನೇ ಸಲ ಕೇಳುವಾಗ ಕಾಕಾರ ದನಿ ಏರಿತ್ತು. ಮೂರನೇ ಸಲ ಅವರು ಕೇಳಲಿಲ್ಲ. ವಾಮನರಾವರ ಮಣಿಕಟ್ಟು ತಾವೇ ಹಿಡಿದು ವಾಲ್ವಿನ ಚಕ್ರದಿಂದ ಸರಿಸಿದರು. ವಾಮನರಾವ್ ಎದ್ದು ಒಂದು ಹೆಜ್ಜೆ ಹಿಂದಿಟ್ಟರು, ಕಾಲು ಪಾಚಿಯ ಮೇಲೆ ಬಿತ್ತು, ಕೂತುಬಿಟ್ಟರು. ಮೊಣಕೈ ತರಚಿ ರಕ್ತ ಬಂತು. ಕಾಕಾ ಕೈಕೊಟ್ಟು ಎಬ್ಬಿಸಿದರು. ಆಮೇಲೆ ಚಕ್ರವನ್ನು ಎರಡು ಸುತ್ತು ತಿರುಗಿಸಿದರು. ಮೇಲೆ ಬಾಲ್ಕನಿಯಲ್ಲಿ ಅವ್ವ ಇದ್ದಳು, ಕಿಟಕಿಯಲ್ಲಿ ಶಾಂತಾ ಕಾಕು. ನನ್ನ ಕೊಡ ತುಂಬಿತು.

ದಾರಿಯಲ್ಲಿ ಬಂದ ಸಾಹೇಬರೊಬ್ಬರು ವಾಮನರಾವರ ಮೊಣಕೈ ನೋಡಿ ಕಾಲೊನಿ ಆಫೀಸಿಗೆ ದೂರು ಕೊಟ್ಟರು. ಕಂಡವರು ಬರೆದು ಕೊಡಬೇಕೆಂದು ಆಫೀಸಿನವರು ಮರುದಿನ ಹೇಳಿಕಳಿಸಿದರು. ಬರೀ ಜಗಳವೆಂದಾದರೆ ಕಾಕಾಗೆ ಒಂದು ಎಚ್ಚರಿಕೆ ಪತ್ರ, ಹಲ್ಲೆಯೆಂದಾದರೆ ಕ್ವಾರ್ಟರ್ಸು ಹೋಗಿ ಬೇರೆ ಊರಿಗೆ ವರ್ಗ ಎಂದು ಅಪ್ಪ ಹೇಳಿದರು. ಹೆಂಡತಿಯ ಮಾತು ನಡೆಯುವುದಿಲ್ಲ, ಆದ್ದರಿಂದ ಉಳಿದವಳು ಅವ್ವ. ನಮ್ಮ ಕಾಲೊನಿಯ ಕನ್ನಡದ ಮನೆಗಳಲ್ಲಿ ಇಂಗ್ಲಿಷ್ ಕಾಗದ ಬರೆಯುವವರು ಮಕ್ಕಳೇ. ರಜೆ ಅರ್ಜಿಯಿಂದ ಗ್ಯಾಸಿನ ಅರ್ಜಿಯವರೆಗೆ ಎಲ್ಲವನ್ನೂ ನಾನೇ ಬರೆದಿದ್ದೆ. ಅವ್ವ ಹೇಳಿದಳು, ನಾನು ಬರೆದೆ. ಕಾಕಾಗಾಗಿ ಬರೆಯುವುದೆಂದು ನನ್ನ ಅತಿ ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಕಾಕಾ ಎಕ್ಸ್‌ಟ್ರೀಮ್ಲಿ ಸಿಟ್ಟಾಗಿದ್ದರು. ಕಾಕಾ ವಾಮನರಾವರನ್ನು ವಯಲೆಂಟ್ಲಿ ದೂಡಿದರು. ಅವರಿಗೆ ಟೆರಿಬ್ಲಿ ಪೆಟ್ಟಾಯಿತು. ಕೈಕೊಟ್ಟು ಎಬ್ಬಿಸಿದ್ದನ್ನೂ ಬರೆದೆನೆಂದು ನನ್ನ ನೆನಪು, ಆದರೆ ಅದರ ಮೇಲೆ ನಾನು ಆಣೆ ಮಾಡಲಾರೆ. ಅವ್ವ ಓದಿ ಹೇಳು ಎಂದಳು. ನಾನು ಕನ್ನಡ ಮಾಡುತ್ತ ಓದಿದೆ. ಸಿಟ್ಟು ಬಂದಿತ್ತು, ದೂಡಿದರು, ಪೆಟ್ಟಾಯಿತು. ಆ ಮೂರು ಶಬ್ದಗಳಿಗೆ ಮನೆಯ ಮಾತಿನಲ್ಲಿ ಏನೆನ್ನಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ. ಅವ್ವ ಒಂದು ಗಳಿಗೆ ಯೋಚಿಸಿ, "ದೂಡಿದ ಅನ್ನೂದಕ್ಕಿಂತ ಸರಿಸಿದ ಅಂದ್ರ ಚಲೋ ಇತ್ತು. ಇರಲಿ, ಬರೋಬರ್ ಐತಿ," ಎಂದು ಕನ್ನಡದಲ್ಲಿ ಸಹಿ ಹಾಕಿದಳು.

ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಮಧ್ಯಾಹ್ನ, ಪಾಳಿ ಬಿಡುವ ಮೊದಲೇ, ಕಾಕಾ ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಡಲಿಲ್ಲ. ಕೈಯಲ್ಲಿ ನನ್ನ ಕಾಗದದ ನಕಲು. ಅದನ್ನು ನನಗೆ ಕೊಟ್ಟು ಓದಲು ಹೇಳಿದರು. ನಾನು ಅವ್ವನಿಗೆ ಓದಿದಂತೆಯೇ ಕನ್ನಡದಲ್ಲಿ ಶುರುಮಾಡಿದೆ.

"ಹಂಗಲ್ಲ. ಇಂಗ್ಲಿಷಿನಾಗ ಓದು."

ಓದಿದೆ. ಮುಗಿಯುವವರೆಗೆ ಅವರು ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದರು.

"ಈ ಶಬ್ದ ನಂಗ ಗೊತ್ತದಾವವ್ವಾ," ಎಂದರು. "ನಾ ಬ್ಯಾಳಿಗೆ ಹಚ್ಚಿದ್ದೆ, ನೀ ನನಗ ಹಚ್ಚೀದಿ. ನಾ ಹಂಗ ದೂಡಿದ್ನೇನು?"

ಇಲ್ಲ ಎಂದೆ. ಅವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಅವಳು ಕಾಕಾರನ್ನು ನೋಡಲಿಲ್ಲ. ತನಗೆ ಓದಿ ಹೇಳಿದ್ದು ಇದೇ ಏನು ಎಂದು ನನ್ನನ್ನು ಕೇಳಿದಳು. ಎರಡನೇ ಸಲ ಇಲ್ಲ ಎಂದೆ.

ಆ ಸಂಜೆ ಇನ್ನೊಂದು ಕಾಗದ ಬರೆದೆವು. ಇದರಲ್ಲಿ ಒಂದು ಹೆಚ್ಚಿನ ಶಬ್ದವೂ ಇರಲಿಲ್ಲ. ಎರಡನೆಯದು ಕೊಟ್ಟರೆ ಅವ್ವನ ಮೊದಲ ಸಹಿ ಸುಳ್ಳಾಗುತ್ತದೆ, ನಾಳೆ ತನ್ನನ್ನೂ ಕರೆಯುತ್ತಾರೆ ಎಂದು ಅಪ್ಪ ಹೆದರಿದರು. ಅವ್ವ, "ಆಗ್ಲಿ," ಎಂದಳು. ಸೀರೆ ಬದಲಿಸಿ, ನನ್ನ ಕೈ ಹಿಡಿದು, ಮರುದಿನ ಬೆಳಿಗ್ಗೆ ಆಫೀಸಿಗೆ ನಡೆದಳು. ಅಲ್ಲಿದ್ದ ಸಾಹೇಬರು ಕೆಟ್ಟವರಲ್ಲ. ಅವ್ವನಿಗೆ ಕುರ್ಚಿ ಹಾಕಿಸಿದರು, ನನಗೆ ನೀರು ಕೊಡಿಸಿದರು. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನಿಧಾನವಾಗಿ ಓದಿದರು. ನಾನು ಗೋಡೆಯ ಫ್ಯಾನಿನ ಅಲುಗಾಟವನ್ನು ಎಣಿಸುತ್ತಿದ್ದೆ.

"ಬೇಟಾ, ಪಹಲೇವಾಲಾ ತೋ ಬಹುತ್ ಅಚ್ಛಾ ಲಿಖಾ ಹೈ," ಎಂದರು. "ಯೇ ದೂಸರಾ ಕಿಸನೇ ಲಿಖವಾಯಾ?"

ಮೊದಲನೆಯದು ಚೆನ್ನಾಗಿದೆ; ಎರಡನೆಯದನ್ನು ನಿನ್ನ ಕೈಯಲ್ಲಿ ಯಾರು ಬರೆಸಿದರು? ನಾನೇ ಎಂದೆ. ಅವರು ಕನಿಕರದಿಂದ ತಲೆದೂಗಿದರು. ಅವ್ವ ತನ್ನ ಹಿಂದಿಯಲ್ಲಿ, ಹುಡುಗಿಯದಲ್ಲ, ಓದಿಸಿಕೊಳ್ಳದೆ ಸಹಿ ಮಾಡಿದ ತನ್ನ ತಪ್ಪು ಎಂದಳು. ಅದು ನಿಜವಲ್ಲ, ಅವಳು ಓದಿಸಿಕೊಂಡಿದ್ದಳು. ನನ್ನ ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎರಡನೆಯ ಕಾಗದವನ್ನು ಅವರು ಮಡಿಚಿ ಅವಳಿಗೇ ಹಿಂದಿರುಗಿಸಿದರು.

ಜೂನ್ ಮುಗಿಯುವುದರೊಳಗೆ ಕಾಕಾ ಮನೆ ಖಾಲಿ ಮಾಡಬೇಕಾಯಿತು. ವರ್ಗವಾದದ್ದು ಜಬಲಪುರದ ಆಚೆ ಎಲ್ಲಿಗೋ. ಟ್ರಕ್ಕಿಗೆ ಸಾಮಾನು ಏರಿಸುವಾಗ ಅಪ್ಪ ಒಂದು ಕೈ ಹಚ್ಚಿದರು, ಅವ್ವ ದಾರಿಗೆಂದು ಬುತ್ತಿ ಕಟ್ಟಿದಳು. ಕಾಕು ಬುತ್ತಿ ತೆಗೆದುಕೊಂಡಳು, ನನ್ನ ಕಡೆ ತಿರುಗಲಿಲ್ಲ. ಕಾಕಾ ನನ್ನೆದುರು ಬಂದು ನಿಂತರು. ಏನಾದರೂ ಕೇಳುತ್ತಾರೆಂದು ಕಾದೆ. ನನ್ನ ಹೆಗಲು ಮುಟ್ಟಿ ಟ್ರಕ್ಕು ಹತ್ತಿದರು. ಆ ಮನೆಗೆ ಬಂದ ಹೊಸಬರು ಮಾತು ಕಡಿಮೆಯವರು. ಗೋಡೆಯಾಚೆಯಿಂದ ನಮಗೆ ಪಾತ್ರೆಯ ಸದ್ದಷ್ಟೇ ಕೇಳುತ್ತಿತ್ತು. ಕೆಲವು ವರ್ಷಗಳ ಮೇಲೆ ಕಾಕಾ ತೀರಿಕೊಂಡರೆಂದು ಒಂದು ಕಾರ್ಡು ಬಂತು. ಈಗ ಆ ಬ್ಲಾಕೂ ಇಲ್ಲ, ಗೋಡೆಯೂ ಇಲ್ಲ.

ನನ್ನ ಜೊತೆ ಅದನ್ನು ಕಂಡವರಲ್ಲಿ ಶಾಂತಾ ಕಾಕು ಹೋಗಿ ಹತ್ತು ವರ್ಷವಾಯಿತು, ಅವ್ವ ಹೋದ ಚಳಿಗಾಲದಲ್ಲಿ ಹೋದಳು. ಅವಳ ದಿನಕರ್ಮಗಳು ಮುಗಿದ ಮೇಲೆ ನಾನು ಹಳೆ ನಾಗಪುರದ ಮಹಾಲ್ ಪೇಟೆಯ ಒಂದು ಗಲ್ಲಿಯಲ್ಲಿ ಮಗಳ ಮನೆಯಲ್ಲಿರುವ ಮುದುಕರೊಬ್ಬರನ್ನು ಹುಡುಕಿಕೊಂಡು ಹೋದೆ. ಆಗ ನಿಮ್ಮನ್ನು ಯಾರಾದರೂ ಕೇಳಿದ್ದರೇ ಎಂದೆ. ಯಾರೂ ಕೇಳಲಿಲ್ಲ, ಹುಡುಗಿಯ ಕಾಗದ ಸಾಕೆಂದರು ಎಂದರು. "ಮೀ ಘಸರಲೊ. ತ್ಯಾನೀ ಉಠವಲಂ." ನಾನು ಜಾರಿದೆ, ಅವನು ಎಬ್ಬಿಸಿದ. ಕಂಡವರಲ್ಲಿ ಇನ್ನೂ ಬದುಕಿರುವವರು ನಾನು ಮತ್ತು ಅವರು, ಪಂಪಿನ ವಾಮನರಾವ್.